ನೇರವಾಗಿಬಿಟ್ಟ ಇಗರ್ಜಿ

ವ್ಯಾಲೆಂಟೈನ್ ಪೊರ್ಬುಗಳಿಗೆ ಸೊಟ್ಟಗಿದ್ದದ್ದು ಯಾವುದೂ ಆಗಿಬರುತ್ತಿರಲಿಲ್ಲ. ಕೆಫೆಟೇರಿಯಾಕ್ಕೆ ಚಹಾ ಕುಡಿಯಲು ಹೋದರೆ ಮೊದಲು ಗೋಡೆಯ ಕ್ಯಾಲೆಂಡರನ್ನು ಸರಿಮಾಡಬೇಕು, ಆಮೇಲೆ ಚಹಾ. ಒಂದು ಮಧ್ಯಾಹ್ನ ನಾನು ವರ್ಕ್‌ಶಾಪಿನ ಮೂಲೆಯಲ್ಲಿ ನಮಾಜಿಗೆಂದು ಚಾಪೆ ಹಾಸಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಅದನ್ನೂ ಗೋಡೆಗೆ ಸಮನಾಗಿ ಎಳೆದಿಟ್ಟಿದ್ದರು.

"ಪೊರ್ಬುಗಳೇ, ಮಕ್ಕಾ ಇರುದು ಆ ಓರೆಯಲ್ಲೇ ಮಾರ್ರೆ, ನಿಮ್ಮ ಗೋಡೆ ಹೇಳಿದಲ್ಲಿ ಅಲ್ಲ," ಎಂದೆ.

"ಹೌದಾ? ನೋಡುವಾಗ ಸರಿ ಕಾಣ್ಲಿಲ್ಲ ಬ್ಯಾರಿಗಳೇ," ಎಂದು ನಾಚಿಕೊಂಡು ಮತ್ತೆ ಓರೆ ಮಾಡಿದರು. ಓರೆ ಮಾಡುವಾಗಲೂ ಅಳತೆ ಹಿಡಿದು ಮಾಡಿದರು, ಅದು ಬೇರೆ ಮಾತು.

ನಮ್ಮ ತುಳುನಾಡಿನಲ್ಲಿ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಪೊರ್ಬುಗಳು ಎನ್ನುತ್ತೇವೆ. ಕರಾವಳಿಯ ಮುಸ್ಲಿಮನಾದ ನನ್ನನ್ನು ಅವರು ಬ್ಯಾರಿಗಳೇ ಎಂದು ಕರೆಯುತ್ತಿದ್ದರು. ನನ್ನ ಹೆಸರು ಅಬ್ದುಲ್ ರವೂಫ್. ದುಬೈಯ ಅಲ್ ಕೂಝ್‌ನಲ್ಲಿ ಕಟ್ಟಡಗಳ ಮಾಡೆಲ್ ತಯಾರಿಸುವ ವರ್ಕ್‌ಶಾಪಿನಲ್ಲಿ ನಾನು ವ್ಯಾನ್ ಓಡಿಸುತ್ತಿದ್ದೆ. ಪೊರ್ಬುಗಳು ಅಲ್ಲಿ ಎಲ್ಲರಿಗಿಂತ ಹಳಬರು. ಬಂಟ್ವಾಳದ ಆಚೆಯ ಹಳ್ಳಿಯವರು, 1987ರಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಶಟರಿಂಗ್ ಬಡಗಿಯಾಗಿ ಬಂದವರು. ಕಾರ್ಮಿಕರ ಕ್ಯಾಂಪಿನಲ್ಲಿ ಹಲಗೆ ತುಂಡಿನಿಂದ ಕೆತ್ತಿದ ಒಂದು ಹಡಗನ್ನು ಯಾರೋ ಇಂಜಿನಿಯರ್ ನೋಡಿ, ಈ ಕೈ ಬಿಸಿಲಿನಲ್ಲಿ ಹಾಳಾಗಬಾರದು ಎಂದು ಮಾಡೆಲ್ ಕೆಲಸಕ್ಕೆ ಸೇರಿಸಿದರಂತೆ. ಆಮೇಲೆ ಇಪ್ಪತ್ತಾರು ವರ್ಷ ಅವರು ಟವರು, ಮಾಲು, ವಿಲ್ಲಾ ಎಂದು ಮೇಜಿನ ಮೇಲೆ ಊರುಗಳನ್ನೇ ಕಟ್ಟಿದರು. ಫ್ಲಾಟುಗಳು ಮಾರಿ ಮುಗಿದ ಮೇಲೆ ಆ ಮಾಡೆಲ್‌ಗಳು ಗೋಡೌನಿಗೆ, ಗೋಡೌನಿನಿಂದ ಕಸದ ಗಾಡಿಗೆ. ಸಾಗಿಸುವವನು ನಾನೇ ಆದ್ದರಿಂದ ನನಗೆ ಗೊತ್ತು. ಪೊರ್ಬುಗಳು ಮಾತ್ರ ಅದನ್ನು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

2014ರ ಫೆಬ್ರವರಿಯಲ್ಲಿ ಮಿರೇಯ್ ಎಂಬ ಫ್ರೆಂಚ್ ಹೆಂಗಸು ವರ್ಕ್‌ಶಾಪಿಗೆ ಬಂದರು. ಐವತ್ತು ದಾಟಿದವರು, ಅಲ್ ಬರ್ಷಾದಲ್ಲಿ ಮನೆ, ಯಾವುದೋ ಆಫೀಸಿನಲ್ಲಿ ಕೆಲಸ. ಕಂಕುಳಲ್ಲಿ ಸುತ್ತಿಟ್ಟ ಒಂದು ಹಳೆಯ ನಕ್ಷೆ, ಚೀಲದಲ್ಲಿ ಒಂದಷ್ಟು ಫೋಟೋ. ಅವರ ತಾಯಿ ಒಡೆಟ್‌ಗೆ ಎಂಬತ್ತನಾಲ್ಕು, ಎರಡೂ ಕಣ್ಣು ಹೋಗಿದ್ದವು. ಹಿಂದಿನ ವರ್ಷ ಮಗಳು ಅವರನ್ನು ದುಬೈಗೆ ಕರೆತಂದು ಇಟ್ಟುಕೊಂಡಿದ್ದರು. ಈಗ ಫ್ರಾನ್ಸಿನ ಅವರ ಹಳ್ಳಿಯ ಇಗರ್ಜಿಯನ್ನು, ಅಂದರೆ ಚರ್ಚನ್ನು, ಕೆಡವುವುದೆಂದು ತೀರ್ಮಾನವಾಗಿತ್ತು. ಗಂಟೆಗೋಪುರ ಬಿರುಕು ಬಿಟ್ಟಿದೆ, ಊರಿನಲ್ಲಿ ಉಳಿದಿರುವುದು ಮುನ್ನೂರು ಜನ, ದುರಸ್ತಿ ಮಾಡಿಸುವ ತಾಕತ್ತಿಲ್ಲ. ಜುಲೈಯಲ್ಲಿ ಯಂತ್ರ ಬರುತ್ತದೆ.

"ಬೀಳುವ ಮೊದಲು ಒಮ್ಮೆ ಒಳಗೆ ಹೋಗಬೇಕು ಅಂತ ಅಮ್ಮನ ಆಸೆ. ಡಾಕ್ಟರು ವಿಮಾನ ಹತ್ತಲು ಬಿಡುವುದಿಲ್ಲ. ಕೈಯಿಂದಾದರೂ ಒಳಗೆ ಹೋಗಲಿ ಅಂತ," ಎಂದರು ಮಿರೇಯ್.

ಮ್ಯಾನೇಜರ್ ಫೋಟೋಗಳನ್ನು ಇಸ್ಪೀಟೆಲೆಯ ಹಾಗೆ ಸರಿಸಿ ನೋಡಿ, ಇಲ್ಲಿ ಆಟದ ಸಾಮಾನು ಮಾಡುವುದಿಲ್ಲ ಎಂದುಬಿಟ್ಟ. ಅವನಿಗೆ ಐವತ್ತು ಮಹಡಿಗಿಂತ ಕೆಳಗಿನದೆಲ್ಲ ಆಟದ ಸಾಮಾನೇ. ಆಗ ಮೂಲೆಯಲ್ಲಿ ಅಕ್ರಿಲಿಕ್ ಕೊರೆಯುತ್ತಿದ್ದ ಪೊರ್ಬುಗಳು ಎದ್ದು ಬಂದರು. ಶುಕ್ರವಾರ ರಜೆಯ ದಿನ ನಾನು ಮಾಡುತ್ತೇನೆ, ಉಳಿದ ತುಂಡುಗಳಲ್ಲಿ ಮಾಡುತ್ತೇನೆ, ಮೆಷಿನ್ ಮುಟ್ಟುವುದಿಲ್ಲ ಎಂದರು. ಮ್ಯಾನೇಜರ್ ಭುಜ ಕುಣಿಸಿ ಒಳಗೆ ಹೋದ. ಇವರಿಗೆ ಈ ಉಸಾಬರಿ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಅರವತ್ತಕ್ಕೆ ಒಂದೇ ವರ್ಷ ಬಾಕಿ ಇತ್ತು, ಶುಕ್ರವಾರ ಒಂದು ದಿನವಾದರೂ ಸೊಂಟ ಚಾಚಿ ಮಲಗಬಹುದಿತ್ತು.

ಆ ನಕ್ಷೆಯನ್ನು ಬರೆದವರು ಆ ಊರಿನ ಶಾಲಾ ಮಾಸ್ತರು, 1934ರಲ್ಲಿ. ಅವರಿಗೆ ದೇವರಲ್ಲಿ ನಂಬಿಕೆ ಇರಲಿಲ್ಲವಂತೆ, ಆದರೆ ಇಗರ್ಜಿಯ ಒಂದೊಂದು ಕಲ್ಲಿನ ಮೇಲೂ ಪ್ರೀತಿ. ನಕ್ಷೆಯ ಅಂಚಿನಲ್ಲೆಲ್ಲ ಇರುವೆ ಸಾಲಿನಂಥ ಅಕ್ಷರದಲ್ಲಿ ಟಿಪ್ಪಣಿ ಬರೆದಿದ್ದರು. ಅದರಲ್ಲಿ ಕೆಲವನ್ನು ಮಿರೇಯ್ ನಮಗೆ ಓದಿ ಹೇಳಿದರು. ಜನ ಕೂರುವ ಉದ್ದನೆಯ ಅಂಕಣ ಎಲ್ಲಕ್ಕಿಂತ ಹಳೆಯದು, ಎಂಟುನೂರು ವರ್ಷದ್ದು. ಒಂದು ಮೊಳಕ್ಕಿಂತಲೂ ದಪ್ಪದ ಗೋಡೆ, ಮೇಲೆ ದುಂಡಗೆ ಬಾಗಿದ ಚಿಕ್ಕ ಚಿಕ್ಕ ಕಿಟಕಿ, ಛಾವಣಿಯ ಒಳಮೈ ಪೂರ್ತಿ ಮರ, ಮಗುಚಿ ಹಾಕಿದ ದೋಣಿಯ ಹೊಟ್ಟೆಯ ಹಾಗೆ. ಅದರ ತುದಿಗೆ ಅಲ್ತಾರು, ಅಂದರೆ ಪೂಜಾಪೀಠ ಇರುವ ಭಾಗ. ಅದು ಮುನ್ನೂರು ವರ್ಷ ಆಮೇಲಿನದು, ಎತ್ತರದ ಚೂಪು ಕಮಾನಿನ ಕಿಟಕಿಗಳದ್ದು. ಗೋಪುರದಲ್ಲಿ ಮೂರು ಗಂಟೆಗಳಿದ್ದವು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಎರಡನ್ನು ಇಳಿಸಿ ಫಿರಂಗಿ ಮಾಡಲು ಒಯ್ದರು. ಮುಂದೆ ಮರದ ಒಂದು ಚಾವಡಿ. ಪೂಜೆ ಮುಗಿಸಿ ಹೊರಬಂದವರು ಅಲ್ಲೇ ನಿಂತು ಊರ ಸುದ್ದಿಯೆಲ್ಲ ಮಾತಾಡಿ ಮುಗಿಸಬೇಕು, ಆಮೇಲೆಯೇ ಮನೆಗೆ.

ಒಳಗೆ ಹೋಗಲು ಎರಡು ಮೆಟ್ಟಿಲು ಇಳಿಯಬೇಕಿತ್ತು. ಹತ್ತುವುದಲ್ಲ, ಇಳಿಯುವುದು. ಸುತ್ತಲೂ ಸತ್ತವರನ್ನು ಹೂಳುತ್ತ ಹೂಳುತ್ತ ಶತಮಾನಗಳಲ್ಲಿ ಹೊರಗಿನ ನೆಲವೇ ಎತ್ತರವಾಯಿತೆಂದು ಮಾಸ್ತರು ಬರೆದಿದ್ದರು. ಇದನ್ನು ಕೇಳಿ ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು.

ಶುಕ್ರವಾರ ಬೆಳಿಗ್ಗೆ ಅವರು ಪೂಜೆ ಮುಗಿಸಿ ಬರುತ್ತಿದ್ದರು, ನಾನು ಜುಮಾ ನಮಾಜು ಮುಗಿಸಿ ಬಿರಿಯಾನಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ನೋಡುವ ಕಣ್ಣಿಗಾಗಿ ಮಾಡುವ ಮಾಡೆಲ್ ಬೇರೆ, ಮುಟ್ಟುವ ಬೆರಳಿಗಾಗಿ ಮಾಡುವುದು ಬೇರೆ ಎಂದು ನಾನು ಅಲ್ಲಿಯೇ ಕಲಿತದ್ದು. ಗೋಡೆಗೆ ಅಂಟು ಹಚ್ಚಿ ಮರಳು ಉದುರಿಸಿದರು. ಕಲ್ಲಿನ ಬಿಲ್ಲೆ ಹೊದಿಸಿದ ಮಾಡಿಗೆ, ಅಂದರೆ ಛಾವಣಿಯ ಹೊರಮೈಗೆ, ಸ್ಯಾಂಡ್‌ಪೇಪರನ್ನು ಉಗುರಿನಷ್ಟಗಲ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರು. ಛಾವಣಿಯನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಿದರೆ ಕೈ ಒಳಗೆ ಹೋಗಬೇಕು, ಬೆಂಚುಗಳು ಸಿಗಬೇಕು. ಒಂದು ಮೆಟ್ಟಿಲ ಅಂಚನ್ನು ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಎಷ್ಟು ಸಲ ಸವರಿ ನೋಡಿದರೆಂದರೆ, "ಯಲ್ಲಾ, ಬನ್ನಿ ಪೊರ್ಬುಗಳೇ, ಬಿರಿಯಾನಿ ತಣಿಯಿತು," ಎಂದು ನಾನು ಗದರಬೇಕಾಯಿತು. ಏಪ್ರಿಲ್ ಕೊನೆಗೆ ಎರಡು ಅಡಿಗಿಂತ ತುಸು ಕಡಿಮೆ ಉದ್ದದ ಇಗರ್ಜಿ ಸಿದ್ಧವಾಯಿತು. ಚೆಂದವೆಂದರೆ ಚೆಂದ. ಮ್ಯಾನೇಜರ್ ಕೂಡ ಬಂದು ನೋಡಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

ವ್ಯಾನಿನ ಹಿಂದೆ ಇಟ್ಟರೆ ಸೆಕೆಗೆ ಅಂಟು ಬಿಡುತ್ತದೆಂದು ಪೊರ್ಬುಗಳು ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಎಸಿಗೆ ಕೂತರು. ಅಲ್ ಬರ್ಷಾದ ಫ್ಲಾಟಿನಲ್ಲಿ ಒಡೆಟ್ ಅಜ್ಜಿ ಮೇಜಿನ ಮುಂದೆ ಕಾಯುತ್ತಿದ್ದರು. ತಲೆ ಬಾಚಿ, ಕಾಲರಿಗೆ ಪಿನ್ನು ಚುಚ್ಚಿಕೊಂಡು, ಪೂಜೆಗೆ ಹೊರಟವರಂತೆ ಇದ್ದರು. ಅವರು ಫ್ರೆಂಚಿನಲ್ಲಿ ಹೇಳಿದ್ದನ್ನು ಮಗಳು ನಮಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು.

ಬೆರಳು ಮೊದಲು ಚಾವಡಿಯ ಕಂಬಗಳನ್ನು ಮುಟ್ಟಿತು, ಅಜ್ಜಿ ನಕ್ಕರು. ಬಾಗಿಲು. ಎರಡು ಮೆಟ್ಟಿಲು ಇಳಿಯಿತು, "ಆಹ್" ಎಂದರು. ಪೊರ್ಬುಗಳು ಛಾವಣಿ ಎತ್ತಿದರು. ಬೆರಳು ಬೆಂಚುಗಳ ನಡುವಿನ ದಾರಿಯಲ್ಲಿ ಮುಂದೆ ಮುಂದೆ ಹೋಗಿ ಅಲ್ತಾರಿನ ಮುಂದೆ ನಿಂತಿತು. ಮತ್ತೆ ಬಾಗಿಲಿಗೆ ಬಂತು. ಮತ್ತೆ ಹೋಯಿತು. ಮೂರನೆಯ ಸಲ ಅರ್ಧದಲ್ಲೇ ನಿಂತುಬಿಟ್ಟಿತು. ಅಜ್ಜಿ ಕೈ ಹಿಂದಕ್ಕೆ ಎಳೆದು ಮಡಿಲಲ್ಲಿ ಇಟ್ಟುಕೊಂಡರು.

"ಬಹಳ ಚೆಂದ ಇದೆ. ತುಂಬಾ ಉಪಕಾರವಾಯಿತು," ಎಂದರು.

ಮಗಳಿಗೆ ಸಂತೋಷದಲ್ಲಿ ಏನೂ ತಿಳಿಯಲಿಲ್ಲ. ಪೊರ್ಬುಗಳ ಮುಖ ಮಾತ್ರ ಇಳಿಯಿತು. "ಏನಾಯಿತು ಕೇಳಿ ಮೇಡಂ," ಎಂದರು. ಅಜ್ಜಿ ಹೇಳಲು ಒಪ್ಪಲಿಲ್ಲ. ಎರಡು ಸಲ ಕೇಳಿದ ಮೇಲೆ ಮೆಲ್ಲಗೆ ಒಂದು ಮಾತು ಹೇಳಿದರು. ಅದನ್ನು ಇಂಗ್ಲಿಷಿಗೆ ತರುವಾಗ ಮಿರೇಯ್ ಧ್ವನಿ ಸಣ್ಣದಾಯಿತು.

"ಇಗರ್ಜಿ ಚೆನ್ನಾಗಿದೆಯಂತೆ. ಆದರೆ ಇಲ್ಲಿಗೆ ತಾನು ಯಾವತ್ತೂ ಬಂದಿಲ್ಲವಂತೆ."

ವಾಪಸು ಬರುವಾಗಲೂ ಪೊರ್ಬುಗಳು ವ್ಯಾನಿನ ಮುಂದಿನ ಸೀಟಿನಲ್ಲೇ ಕೂತರು. ಮಾಡೆಲ್ ಮತ್ತೆ ಅವರ ತೊಡೆಯ ಮೇಲಿತ್ತು, ಸರಿಮಾಡಿ ತರುತ್ತೇನೆಂದು ಅವರೇ ಎತ್ತಿಕೊಂಡು ಬಂದಿದ್ದರು.

"ಬ್ಯಾರಿಗಳೇ, ನಾನೊಂದು ಕೆಲಸ ಮಾಡಿದ್ದೇನೆ," ಎಂದರು ಅರ್ಧ ದಾರಿಯಲ್ಲಿ. "ನಕ್ಷೆಯಲ್ಲಿ ಅಲ್ತಾರಿನ ಭಾಗ ಸೊಟ್ಟ ಇತ್ತು. ಎಡಗಡೆಗೆ ವಾಲಿಕೊಂಡು. ಪಾಪ ಮಾಸ್ತರಿಗೆ ಪ್ರಾಯ ಆಗಿ ಕೈ ನಡುಗಿರ್ಬೇಕು, ಗೆರೆ ಓಡಿಹೋಗಿದೆ ಅಂತ ನಾನು ನೇರ ಮಾಡಿದೆ. ಅವರ ಹೆಸರು ಹಾಳಾಗುದು ಬೇಡ ಅಂತ ಯಾರಿಗೂ ಹೇಳ್ಲಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. "ಎಂತ ಮಾರ್ರೆ ನೀವು! ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನೀವು ಮಾಸ್ತರ ಕೈ ಡೊಂಕು ಅಂದ್ರಿ! ಒಂದು ಮಾತು ಆ ಮೇಡಂ ಹತ್ರ ಕೇಳ್ಲಿಕ್ಕೆ ಬಾಯಿ ಇರ್ಲಿಲ್ವಾ? ಕಣ್ಣಿಲ್ಲದ ಮುದುಕಿಗೆ ಇಷ್ಟು ಆಸೆ ಹುಟ್ಟಿಸಿ..."

ಬೈದು ಮುಗಿಸುವ ಮೊದಲೇ ಪಕ್ಕಕ್ಕೆ ನೋಡಿದೆ. ಅವರ ಕಣ್ಣಿನಲ್ಲಿ ನೀರಿತ್ತು. ನಾನು ಗಾಡಿಯನ್ನು ರಸ್ತೆ ಬದಿಗೆ ಹಾಕಿದೆ.

ಅಲ್ಲಿ ಅವರು ತಮ್ಮ ಊರಿನ ಇಗರ್ಜಿಯ ಕಥೆ ಹೇಳಿದರು. ಅದು ಹಂಚಿನ ಮಾಡಿನ ಚಿಕ್ಕ ಇಗರ್ಜಿ. ಮಳೆಗಾಲದಲ್ಲಿ ಸೋರುತ್ತಿತ್ತು, ಜನ ಹೆಚ್ಚಾದ ಮೇಲೆ ಹಬ್ಬದ ದಿನ ಅರ್ಧ ಊರು ಅಂಗಳದಲ್ಲೇ ನಿಲ್ಲಬೇಕಿತ್ತು. 2005ರಲ್ಲಿ ಹೊಸದು ಕಟ್ಟಬೇಕೇ, ಹಳೆಯದನ್ನೇ ರಿಪೇರಿ ಮಾಡಬೇಕೇ ಎಂದು ಊರಿನಲ್ಲಿ ಎರಡು ಪಕ್ಷವಾಯಿತು. ಗಲ್ಫಿನಲ್ಲಿದ್ದ ಆ ಊರಿನವರೆಲ್ಲ ದುಬೈಯಲ್ಲಿ ಊಟಕ್ಕೆ ಸೇರಿದ ದಿನ ಪೊರ್ಬುಗಳು ಹೊಸ ಇಗರ್ಜಿಯ ಮಾಡೆಲ್ ಮಾಡಿ ತಂದು ನಡುವೆ ಇಟ್ಟರು. ಎರಡು ಗೋಪುರ, ಬೆಳ್ಳಗೆ, ಒಳಗೆ ದೀಪ. ಅದನ್ನು ನೋಡಿದ ಮೇಲೆ ಹಳೆಯದು ಯಾರಿಗೂ ಬೇಡವಾಯಿತು. ದುಡ್ಡು ಕೊಡುವವರು ಅವರೇ ಆದ್ದರಿಂದ, ಹಳೆಯದನ್ನು ಕೆಡವುವುದೆಂದು ಊಟ ಮುಗಿಯುವ ಮೊದಲೇ ತೀರ್ಮಾನವಾಯಿತು.

"ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ಆ ದೊಣ್ಣೆ ನಾನು ಬ್ಯಾರಿಗಳೇ," ಎಂದರು. "ಹೊಸದು ಆದ ಮೇಲೆ ಅಮ್ಮ ಫೋನಿನಲ್ಲಿ ಹೇಳಿದ್ರು, 'ಇಗರ್ಜಿ ದೊಡ್ಡದುಂಟು ಮಗಾ, ನನ್ನ ಜಾಗ ಎಲ್ಲಿ ಅಂತ ಗೊತ್ತಾಗುದಿಲ್ಲ.' ನಾನು ನಕ್ಕು, ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ, ಫ್ಯಾನ್ ಉಂಟಲ್ಲ ಅಂದೆ. ಮರುವರ್ಷ ಅವರು ತೀರಿಕೊಂಡ್ರು. ಈ ಮುದುಕಿಗಾದ್ರೂ ಅವರ ಜಾಗ ತೋರಿಸುವಾ ಅಂತ ಇತ್ತು. ಇಲ್ಲಿಯೂ ಹೋಗಿ ನನ್ನ ಕೈ ಅದೇ ಕೆಲಸ ಮಾಡಿತು."

ಬೈದದ್ದಕ್ಕೆ ಪಶ್ಚಾತ್ತಾಪವಾಯಿತು ಎಂದು ಈಗ ಬರೆಯಬಹುದು, ಆಗ ಬಾಯಿ ಬಿಟ್ಟು ಹೇಳಲಿಲ್ಲ. ಕೆಳಗಿಳಿದು ಅಂಗಡಿಯಿಂದ ಎರಡು ಕರಕ್ ಚಹಾ ತಂದೆ.

ಮರುದಿನ ಪೊರ್ಬುಗಳು ಮಿರೇಯ್‌ಗೆ ಫೋನು ಮಾಡಿ, ತಪ್ಪು ಮಾಸ್ತರದ್ದಲ್ಲ, ತನ್ನದು ಎಂದು ಒಪ್ಪಿಕೊಂಡರು. ಇಗರ್ಜಿ ನಿಜವಾಗಿಯೂ ಸೊಟ್ಟಗೇ ಇತ್ತಂತೆ. ಐನೂರು ವರ್ಷ ಹಿಂದಿನ ಯಾವುದೋ ಯುದ್ಧದ ಕಾಲದಲ್ಲಿ ಹಳೆಯ ಅಲ್ತಾರಿನ ಭಾಗ ಸುಟ್ಟುಹೋಗಿ, ಹೊಸದನ್ನು ಹೊರಗಿನಿಂದ ಕಟ್ಟುತ್ತ ಬಂದರಂತೆ, ಒಳಗೆ ಪೂಜೆ ನಿಲ್ಲಬಾರದೆಂದು ನಡುವೆ ಒಂದು ಗೋಡೆ ಇಟ್ಟುಕೊಂಡು. ಎಲ್ಲ ಮುಗಿದು ಆ ಗೋಡೆ ಒಡೆದ ದಿನ ನೋಡಿದರೆ ಎರಡರ ಗೆರೆ ಒಂದಕ್ಕೊಂದು ಸೇರಲೇ ಇಲ್ಲ. ಇದು ಮಾಸ್ತರು ನಕ್ಷೆಯ ಹಿಂಬದಿಯಲ್ಲಿ ಬರೆದಿದ್ದ ಮಾತು, ನಾವು ಯಾರೂ ತಿರುಗಿಸಿ ನೋಡಿರಲಿಲ್ಲ. ಊರಿನ ಹೆಂಗಸರು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲವಂತೆ. ಶಿಲುಬೆಯ ಮೇಲೆ ಯೇಸು ತಲೆ ವಾಲಿಸಿದ್ದಾನಲ್ಲ, ಇಗರ್ಜಿಯೂ ಹಾಗೇ ತಲೆ ವಾಲಿಸಿದೆ ಎಂದು ಅವರ ವಾದ.

"ಎಷ್ಟು ವಾಲಿದೆ ಅಂತ ಅಮ್ಮನ ಹತ್ರ ಕೇಳ್ತೀರಾ ಮೇಡಂ?" ಎಂದರು ಪೊರ್ಬುಗಳು. ನಕ್ಷೆಯ ಗೆರೆಯಿಂದ ಡಿಗ್ರಿ ಅಳೆಯಬಹುದಿತ್ತು. ಈಗ ಅವರಿಗೆ ಅದು ಸಾಲದು.

ಅಜ್ಜಿ ಹೇಳಿ ಕಳಿಸಿದ್ದು ಹೀಗೆ: ಚಿಕ್ಕವಳಿರುವಾಗ ಮೊದಲ ಸಲ ಮೇಣದಬತ್ತಿ ಹಿಡಿದು ಅಲ್ತಾರಿಗೆ ಹೋಗುವಾಗ ನೇರ ನಡೆದೆ, ಬಲಗೈ ಅಲ್ತಾರಿನ ಮುಂದಿನ ಕಮಾನಿನ ಕಂಬಕ್ಕೆ ಬಡಿದು ಬತ್ತಿ ಆರಿಹೋಯಿತು. ಅಮ್ಮ ಹಿಂದಿನಿಂದ, ಎಡಕ್ಕೆ ಅರ್ಧ ಹೆಜ್ಜೆ ಎಂದು ಪಿಸುಗುಟ್ಟಿದಳು. ಆಮೇಲೆ ಜೀವಮಾನವಿಡೀ ನನ್ನ ಕಾಲು ಅಲ್ಲಿಗೆ ಬಂದಾಗ ತಾನಾಗಿ ಎಡಕ್ಕೆ ಅರ್ಧ ಹೆಜ್ಜೆ ಹಾಕುತ್ತಿತ್ತು.

ಒಂದು ಭಾಗ ವಾಲಿಸಿದರೆ ಎಲ್ಲವೂ ಬದಲಾಗಬೇಕು. ಕಮಾನು, ಛಾವಣಿ, ನೆಲದ ಕಲ್ಲಿನ ಸಾಲು, ಯಾವುದೂ ಉಳಿಯುವಂತಿರಲಿಲ್ಲ. ಪೊರ್ಬುಗಳು ಅಲ್ತಾರಿನ ಭಾಗವನ್ನು ತಮ್ಮ ಕೈಯಾರೆ ಗರಗಸ ಹಾಕಿ ಕೊಯ್ದರು. ಆ ಶುಕ್ರವಾರ ಅವರು ಊಟ ಮಾಡಲಿಲ್ಲ. ಮತ್ತೆ ಕಟ್ಟುವಾಗ ಗೆರೆಕೋಲನ್ನು ಬದಿಗಿಟ್ಟರು. ಬಡಗಿ ಸೊಟ್ಟ ಕೆಲಸ ಮಾಡಿಬಿಡಬಹುದು, ಅದಕ್ಕೇನು ವಿದ್ಯೆ ಬೇಕು ಎಂದು ನಾನು ತಿಳಿದಿದ್ದೆ. ಆದರೆ ಎಷ್ಟು ಸೊಟ್ಟವಿರಬೇಕೋ ಅಷ್ಟೇ ಸೊಟ್ಟ ಮಾಡುವುದು ನೇರ ಮಾಡುವುದಕ್ಕಿಂತ ಕಷ್ಟ. ದಿನಕ್ಕೆ ಹತ್ತು ಸಲ ಅವರ ಕೈ ತಾನಾಗಿ ನೇರಕ್ಕೆ ಎಳೆಯುತ್ತಿತ್ತು, ಅವರು ಅದನ್ನು ಬೈದು ಮತ್ತೆ ವಾಲಿಸುತ್ತಿದ್ದರು. ಜೂನ್ ಮೂರನೆಯ ವಾರ ಕೆಲಸ ಮುಗಿಯಿತು. ಮಿರೇಯ್ ಊರಿಗೆ ಫೋನು ಮಾಡಿ ಕೇಳಿದ್ದರು, ಇಗರ್ಜಿಯ ಸುತ್ತ ಆಗಲೇ ಬೇಲಿ ಹಾಕಿಯಾಗಿತ್ತು.

ನಾವು ಎರಡನೆಯ ಸಲ ಅಲ್ ಬರ್ಷಾಕ್ಕೆ ಹೋದಾಗ ಅಜ್ಜಿ ಪಿನ್ನು ಚುಚ್ಚಿರಲಿಲ್ಲ. ಆಸೆ ಇಟ್ಟುಕೊಳ್ಳಬಾರದೆಂದು ತೀರ್ಮಾನಿಸಿದವರ ಹಾಗೆ ಕೂತಿದ್ದರು. ಚಾವಡಿ, ಬಾಗಿಲು, ಎರಡು ಮೆಟ್ಟಿಲು. ಬೆರಳು ದಾರಿಯಲ್ಲಿ ನಿಧಾನವಾಗಿ ನಡೆಯಿತು. ನಾನು ಒಳಗೊಳಗೇ ಯಾ ಅಲ್ಲಾಹ್ ಎನ್ನುತ್ತಿದ್ದೆ. ಪೊರ್ಬುಗಳು ಏನು ಹೇಳಿಕೊಳ್ಳುತ್ತಿದ್ದರೋ, ಅವರ ತುಟಿಯೂ ಅಲುಗುತ್ತಿತ್ತು. ಕಮಾನಿನ ಹತ್ತಿರ ಬೆರಳು ಕಂಬಕ್ಕೆ ತಾಗಿ ನಿಂತಿತು. ಆಮೇಲೆ ಕುರ್ಚಿಯಲ್ಲಿ ಅಜ್ಜಿಯ ಮೈಯೇ ಎಡಕ್ಕೆ ತಿರುಗಿತು, ಬೆರಳು ಅರ್ಧ ಹೆಜ್ಜೆ ಸರಿದು ನೆಟ್ಟಗೆ ಅಲ್ತಾರಿಗೆ ಹೋಯಿತು.

"ವಾಲಾ," ಎಂದರು. ಇದೇ, ಇಲ್ಲೇ ಎಂಬ ಅದರ ಅರ್ಥವನ್ನು ನನಗೆ ಯಾರೂ ಹೇಳಬೇಕಾಗಲಿಲ್ಲ.

ಆಮೇಲೆ ಅವರ ಬಾಯಿ ನಿಲ್ಲಲಿಲ್ಲ. ಬೆಂಚು ಬೆಂಚಿಗೆ ಬೆರಳಿಟ್ಟು ಹೇಳುತ್ತ ಹೋದರು: ಇಲ್ಲಿ ರೊಟ್ಟಿ ಅಂಗಡಿಯವಳು, ಯಾವಾಗಲೂ ತಡವಾಗಿ ಬರುವವಳು. ಇಲ್ಲಿ ಯುದ್ಧಕ್ಕೆ ಹೋಗಿ ಬಾರದ ಮಾವ. ಇಲ್ಲಿ ನಾನು, ನೀನು ಹೊಟ್ಟೆಯಲ್ಲಿದ್ದಾಗ, ಈ ಕಂಬಕ್ಕೆ ಒರಗಿ. ಕೊನೆಯದನ್ನು ಅನುವಾದಿಸಲು ಮಿರೇಯ್‌ಗೆ ಆಗಲಿಲ್ಲ. ಮುಖ ಮುಚ್ಚಿಕೊಂಡು ಅತ್ತರು, ಆಮೇಲೆ ಹೇಳಿದರು.

ಆಗ ಅಜ್ಜಿ ತಲೆ ಎತ್ತಿ, ಪೊರ್ಬುಗಳು ನಿಂತಿದ್ದಾರೆಂದು ತಿಳಿದ ಕಡೆಗೆ ಮುಖ ಮಾಡಿ ಕೇಳಿದರು: "ನಿಮ್ಮ ಇಗರ್ಜಿಯಲ್ಲಿ ನಿಮ್ಮ ತಾಯಿ ಎಲ್ಲಿ ಕೂರುತ್ತಿದ್ದರು?"

ಪೊರ್ಬುಗಳು ನನ್ನನ್ನು ನೋಡಿದರು. ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಅವರು ಸುಳ್ಳು ಹೇಳುವ ಜನ ಅಲ್ಲ.

"ಆ ಇಗರ್ಜಿ ಇಲ್ಲ ಮೇಡಂ. ಅದನ್ನು ಕೆಡವಿಸಿದ್ದು ನಾನೇ," ಎಂದರು ಇಂಗ್ಲಿಷಿನಲ್ಲಿ.

ಮಿರೇಯ್ ಇದನ್ನು ತಾಯಿಗೆ ಹೇಳಲೋ ಬೇಡವೋ ಎಂದು ತಡೆದರು. "ಹೇಳಿ ಮೇಡಂ, ಇದ್ದದ್ದು ಇದ್ದ ಹಾಗೆ ಹೇಳಿ," ಎಂದೆ ನಾನು. ಅವರು ಹೇಳಿದರು. ಅಜ್ಜಿ ಮಾಡೆಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಜಾಗ ಮಾಡಿದರು.

"ಹಾಗಾದರೆ ಯಾವ ಗೋಡೆ ಎಲ್ಲಿತ್ತು ಅಂತ ನಿಮಗೆ ಗೊತ್ತಿರಬೇಕು. ಕಟ್ಟಿ," ಎಂದರು.

"ಅದರ ನಕ್ಷೆ ಇಲ್ಲ ಮೇಡಂ."

"ನನಗೆ ಕಣ್ಣಿಲ್ಲ. ಬಾಗಿಲಿನಿಂದ ನಿಮ್ಮ ತಾಯಿಯ ಜಾಗಕ್ಕೆ ಎಷ್ಟು ಹೆಜ್ಜೆ?"

ಪೊರ್ಬುಗಳು ಕುರ್ಚಿ ಎಳೆದು ಅವರ ಪಕ್ಕ ಕೂತರು. ಬರಿಯ ಮೇಜಿನ ಅಂಚಿಗೆ ಎರಡು ಬೆರಳು ಊರಿದರು. ಅಜ್ಜಿ ತಡಕಾಡಿ ತಮ್ಮ ಕೈಯನ್ನು ಆ ಕೈಯ ಮೇಲಿಟ್ಟರು. ಪೊರ್ಬುಗಳು ಕಣ್ಣು ಮುಚ್ಚಿ ಮಗುವಿನ ಧ್ವನಿಯಲ್ಲಿ ಕೊಂಕಣಿಯಲ್ಲಿ ಎಣಿಸತೊಡಗಿದರು, ಏಕ್, ದೋನ್, ತೀನ್. ಬೆರಳುಗಳು ಒಂದರ ಹಿಂದೊಂದು ನಡೆದವು. ಆರರ ಹತ್ತಿರ ತಡವರಿಸಿ ನಿಂತು, ಒಂದು ಹೆಜ್ಜೆ ಹಿಂದೆ ಬಂದು, ಮತ್ತೆ ಮುಂದೆ ಹೋದವು. ಹನ್ನೆರಡಕ್ಕೆ, ಬಾರಾ ಎಂದಾಗ, ನಿಂತವು.

"ಹಾಂಗಾ," ಎಂದರು ಪೊರ್ಬುಗಳು. ಇಲ್ಲಿ.